ಮೈಕಿನ ಮುಂದೆ ನಿಂತ ದುರ್ಯೋಧನ

‘ಕಂಪನಿ ನಾಟಕದ ಥರ ಆಡಬೇಡಪ್ಪ’ ಎಂಬುದು ಕನ್ನಡದ ಹವ್ಯಾಸಿ ತಂಡಗಳ ತಾಲೀಮಿನಲ್ಲಿ ಹಳೆಯ ಬೈಗುಳ. ಎದೆ ಉಬ್ಬಿಸಿ ಬರುವುದು, ಬಲಗಾಲು ಮುಂದಿಟ್ಟು ನಿಲ್ಲುವುದು, ಮಾತಾಡಬೇಕಾದ ಪಾತ್ರ ಪಕ್ಕದಲ್ಲಿದ್ದರೂ ಪ್ರೇಕ್ಷಕರತ್ತ ತಿರುಗಿ ತೋಳು ಬೀಸುವುದು: ಇದೆಲ್ಲ ಬರೀ ಅತಿರೇಕವೆಂದು ತೀರ್ಪಾಗಿ ಬಹಳ ಕಾಲವಾಯಿತು.

ತೀರ್ಪು ಕೊಟ್ಟವರು ವೃತ್ತಿ ಕಂಪನಿಗಳ ರಂಗದ ಕಷ್ಟವನ್ನು ಲೆಕ್ಕಕ್ಕಿಟ್ಟಂತಿಲ್ಲ. ಕಂಪನಿ ರಂಗದ ಹಿರಿಯ ನಟ ಎ.ವಿ. ವರದಾಚಾರ್ ಅವರ ಕಾಲಕ್ಕೆ ಮೈಕಿರಲಿಲ್ಲ. ನಟ ಪಕ್ಕಕ್ಕೆ ತಿರುಗಿದರೆ ಮಾತೆಲ್ಲ ಸೈಡ್‌ವಿಂಗಿನ ಪಾಲು. ಬಣ್ಣಬಣ್ಣದ ಅರಮನೆ ಪರದೆಯ ಮುಂದೆ ಮೊಣಕೈಯಿಂದಷ್ಟೇ ಎತ್ತಿದ ಕೈ ಕೊನೆಯ ಸಾಲಿಗೆ ಕಾಣುವುದೂ ಇಲ್ಲ, ಹೆಗಲಿನಿಂದಲೇ ಎತ್ತಬೇಕು. ಗುಬ್ಬಿ ಕಂಪನಿಯ ವೀರಣ್ಣನವರು ‘ಕುರುಕ್ಷೇತ್ರ’ ನಾಟಕಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಆನೆಯ ಪಕ್ಕ ನಿಂತವನು ಸಣ್ಣಗೆ ಹುಬ್ಬು ಹಾರಿಸಿದರೆ ಯಾರು ನೋಡುತ್ತಾರೆ?

ಹಾಗೆಂದು ಎಲ್ಲವನ್ನೂ ಮನ್ನಿಸಲಾಗದು. ಕಂಪನಿ ಶೈಲಿಯ ನಿಜವಾದ ದೋಷ ಕೈ ದೊಡ್ಡದಾಗಿ ಬೀಸಿದ್ದರಲ್ಲಿಲ್ಲ, ಮಾತಿಗೊಂದು ಕೈ ಬೀಸಿದ್ದರಲ್ಲಿದೆ. ‘ಆಕಾಶ’ ಎಂದರೆ ಬೆರಳು ಮೇಲೆ, ‘ಭೂಮಿ’ ಎಂದರೆ ಕೆಳಗೆ, ‘ಹೃದಯ’ ಎಂದೊಡನೆ ಅಂಗೈ ಎದೆಗೆ. ನಮ್ಮ ಅಭಿನಯಶಾಸ್ತ್ರ ಪದಾರ್ಥಾಭಿನಯ (ಪದಪದದ ಅಭಿನಯ), ವಾಕ್ಯಾರ್ಥಾಭಿನಯ (ಇಡೀ ವಾಕ್ಯದ ಅಭಿನಯ) ಎಂದು ಎರಡನ್ನು ಬೇರೆಬೇರೆಯಾಗಿ ಹೇಳುತ್ತದೆ. ನೃತ್ಯದಲ್ಲಿ ಪದಪದಕ್ಕೂ ಮುದ್ರೆ ಹಿಡಿದರೆ ಚೆಂದ. ಅಲ್ಲಿ ಹಾಡುವವರು ಬೇರೆ, ಕೈಯೇ ನಾಲಿಗೆ. ಬಾಯಿ ಹೇಳಿದ್ದನ್ನೇ ಕೈಯೂ ಹೇಳಿದರೆ ನಾಟಕದಲ್ಲಿ ಅದು ದಂಡ. ಅಭಿನಯವೆಂದರೆ ಕೈಯಷ್ಟೇ ಅಲ್ಲ, ಕಣ್ಣಿಗೇ ನಾಟ್ಯಶಾಸ್ತ್ರ 36 ಬಗೆಯ ದೃಷ್ಟಿಗಳನ್ನು ಎಣಿಸುತ್ತದೆ. ಆದರೆ ಕಂಪನಿಯಲ್ಲಿ ವಿಂಗಿನ ಮರೆಯಲ್ಲಿ ನಿಂತು ಹಿರಿಯರನ್ನು ನೋಡಿ ಕಲಿತ ಹುಡುಗನಿಗೆ ದಕ್ಕಿದ್ದು ಹೆಚ್ಚಾಗಿ ಕೈಗಳೇ.

ಕಂಪನಿಯ ಆ ಶಾಲೆ ಒಳ್ಳೆಯ ನಟನಲ್ಲಿ ಏನಾಗಬಲ್ಲದೆಂದು ನೋಡಲು 1977ರ ‘ಬಭ್ರುವಾಹನ’ ಸಿನಿಮಾ ಸಾಕು. ಗುಬ್ಬಿ ಕಂಪನಿಯಲ್ಲಿ ಪಳಗಿದ ರಾಜಕುಮಾರ್ ಅಲ್ಲಿ ಅರ್ಜುನನೂ ಹೌದು, ಬಭ್ರುವಾಹನನೂ ಹೌದು. ನಿಲುವು ಪೂರ್ತಿ ಕಂಪನಿಯದು, ಆದರೆ ಕೈ ಪದಗಳ ಹಿಂದೆ ಓಡುವುದಿಲ್ಲ. ಇಡೀ ಸಾಲಿನ ಸಿಟ್ಟನ್ನು ಹೊತ್ತು ಒಮ್ಮೆ ಏಳುತ್ತದೆ.

ನಾಟಕಕಾರ ಕೈಲಾಸಂ ಮಧ್ಯಮವರ್ಗದ ಮನೆಯನ್ನು ರಂಗಕ್ಕೆ ತಂದಾಗ ಗದೆ, ಕಿರೀಟ ಹೋದವು. ಖಾಲಿಯಾದ ಕೈಗಳನ್ನು ಎಲ್ಲಿಡುವುದೆಂಬ ಹೊಸ ಪೇಚಾಟ ಶುರುವಾಯಿತು. ಎಷ್ಟೋ ಹವ್ಯಾಸಿ ನಟರಿಗೆ ಅದು ಇನ್ನೂ ಬಗೆಹರಿದಿಲ್ಲ, ಜೇಬು ಕಾಯುತ್ತದೆ.

ಕೈಗಳ ಈ ಪೇಚಾಟಕ್ಕೆ ಬೇರೆಯೇ ದಾರಿ ಹಿಡಿದವರು ನಿರ್ದೇಶಕ ಬಿ.ವಿ. ಕಾರಂತರು. ಹುಡುಗನಾಗಿ ಗುಬ್ಬಿ ಕಂಪನಿ ಸೇರಿದ್ದ ಅವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲೂ ಕಲಿತರು. 1979ರಲ್ಲಿ ‘ಮ್ಯಾಕ್‌ಬೆತ್’ ನಾಟಕವನ್ನು ಹಿಂದಿಯಲ್ಲಿ ‘ಬರ್ನಂ ವನ’ವಾಗಿ ಆಡಿಸಿದಾಗ ನಟರ ಹೆಜ್ಜೆಗೆ ಯಕ್ಷಗಾನದ ಲಯ ಕೊಟ್ಟರು. ದೊಡ್ಡ ಚಲನೆಯನ್ನು ಕುಗ್ಗಿಸಲಿಲ್ಲ, ಅದಕ್ಕೊಂದು ತಾಳ ಒದಗಿಸಿದರು.

ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಮಾತ್ರ ಈ ಚರ್ಚೆಯ ಗಾಳಿ ಬೀಸಿದಂತಿಲ್ಲ. ಇವತ್ತಿಗೂ ಅಲ್ಲಿ ಊರವರೇ ದುಡ್ಡು ಕೊಟ್ಟು ಪಾತ್ರ ಹಿಡಿದು, ಹಾರ್ಮೋನಿಯಂ ಮೇಷ್ಟ್ರ ಬಳಿ ಕಲಿತು ರಾತ್ರಿಯಿಡೀ ‘ಕುರುಕ್ಷೇತ್ರ’ ಆಡುತ್ತಾರೆ. ದುರ್ಯೋಧನ ಗದೆ ಹೊತ್ತು ಅಬ್ಬರದಿಂದ ಬರುತ್ತಾನೆ, ಮೇಲಿಂದ ತೂಗುವ ಮೈಕಿನ ಕೆಳಗೆ ಗಕ್ಕನೆ ನಿಲ್ಲುತ್ತಾನೆ. ದನಿಯನ್ನು ಮೈಕು ಹೊತ್ತುಕೊಂಡಿದೆ. ಬಲಗಾಲು ಮಾತ್ರ ಮುಂದೆಯೇ ಇದೆ, ತೋಳು ಹೆಗಲಿನಿಂದಲೇ ಏಳುತ್ತದೆ.