ಉಡೋ ಸೀರೆ, ಕೊಡೋ ಸೀರೆ

"ಉಡೋಕಾಮ್ಮ, ಕೊಡೋಕಾ?" ನಮ್ಮ ಕಡೆಯ ಬಟ್ಟೆಯಂಗಡಿಗಳಲ್ಲಿ ಸೀರೆ ತೋರಿಸಿ ಎಂದ ಕೂಡಲೇ ಬರುವ ಪ್ರಶ್ನೆ ಇದು. ಕೊಡೋಕೆ ಎಂದರೆ ಒಂದು ಕಟ್ಟು ಇಳಿಯುತ್ತದೆ, ಉಡೋಕೆ ಎಂದರೆ ಇನ್ನೊಂದು. ಅರವತ್ತು ದಾಟಿದ ಯಾವ ತಾಯಿಯ ಬೀರು ತೆಗೆದರೂ ಅಲ್ಲಿ ತುಂಬಿರುವುದು ಮೊದಲನೆಯ ಕಟ್ಟಿನ ಸೀರೆಗಳೇ. ಗೃಹಪ್ರವೇಶದಲ್ಲಿ ಬಂದದ್ದು, ಸೀಮಂತದಲ್ಲಿ ಬಂದದ್ದು, ಮುಯ್ಯಿಗೆ ಮುಯ್ಯಿ ಎಂದು ಬಂದದ್ದು. ಆಕೆ ತಾನಾಗಿ ಆರಿಸಿಕೊಂಡ ಸೀರೆ ಹುಡುಕಿದರೂ ಸಿಗುವುದು ಕಷ್ಟ. ದಿನವೂ ಉಡುವುದು ಮಾತ್ರ ಮೇಲಿನ ಅರೆಯಲ್ಲಿ ಮಡಿಚಿಟ್ಟ ಅದೇ ನಾಲ್ಕು ಸೀರೆ. ಆ ನಾಲ್ಕನ್ನೇ ಯಾಕೆ ಉಡುತ್ತಾಳೆ ಎಂದು ಕೇಳಿ. ಹಗುರ, ಮೈಗೆ ಹಿತ, ನೆರಿಗೆ ನಿಲ್ಲುತ್ತೆ, ಜಾರಲ್ಲ ಎನ್ನುತ್ತಾಳೆ. ವಯಸ್ಸಾದವರ ಉಡುಪಿನ ಬಗ್ಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಇನ್ನೂ ಸಿಕ್ಕಿಲ್ಲ.

ಈ ಮಾತನ್ನು ವಿಜಯಪುರದಲ್ಲಿ ನಿಂತು ಹೇಳುವಾಗ ಒಂದು ಸಂಕಟವೂ ಜೊತೆಗಿರುತ್ತದೆ. ಇದು ದೇವನಹಳ್ಳಿ ತಾಲ್ಲೂಕಿನ ವಿಜಯಪುರ, ಹಿಂದಿನ ವಡಿಗೇನಹಳ್ಳಿ. ರೇಷ್ಮೆಗೂಡಿನ ಮಾರುಕಟ್ಟೆಯಿರುವ ಊರು. ಸುತ್ತಲ ಹಳ್ಳಿಗಳ ಹೆಂಗಸರು ಹಿಪ್ಪುನೇರಳೆ ಸೊಪ್ಪು ಕೊಯ್ದು ಹುಳಕ್ಕೆ ಹಾಕುತ್ತಾರೆ, ಹುಳ ಪೊರೆ ಬಿಡಲು ಜ್ವರಕ್ಕೆ ಕೂತಾಗ ಕಾಯುತ್ತಾರೆ, ಹಣ್ಣಾದ ಹುಳವನ್ನು ಆಯ್ದು ಗೂಡು ಕಟ್ಟಲು ಚಂದ್ರಿಕೆಗೆ ಬಿಡುತ್ತಾರೆ. ಗೂಡನ್ನು ಬೆರಳಲ್ಲಿ ಅದುಮಿ ಅದರ ಗಟ್ಟಿತನ ಹೇಳಬಲ್ಲ ಕೈಗಳವು. ಅದೇ ಕೈಗಳು ಹಬ್ಬದ ದಿನ ಬೆವರು ಹೀರದ, ಹೆಗಲ ಮೇಲೆ ನಿಲ್ಲದ ಪಾಲಿಯೆಸ್ಟರ್ ಸೆರಗನ್ನು ಮತ್ತೆ ಮತ್ತೆ ಮೇಲೆಳೆದುಕೊಳ್ಳುವುದನ್ನು ನೋಡಿದರೆ ನನಗೆ ಬೇಸರವಾಗುತ್ತದೆ. ಬೆಲೆಯ ಪ್ರಶ್ನೆ ಇದೆ, ಅಲ್ಲವೆನ್ನಲಾರೆ. ಆದರೆ ಕೊಡೋ ಸೀರೆಗೆಂದು ಒಂದು ಮನೆ ವರ್ಷಕ್ಕೆ ಮಾಡುವ ಖರ್ಚನ್ನು ಒಟ್ಟುಗೂಡಿಸಿದರೆ ಆ ಮನೆಯ ಹಿರಿಯಳಿಗೆ ಒಂದು ನಿಜವಾದ ರೇಷ್ಮೆ ದೂರದ ಮಾತಲ್ಲ.

ಯಾವ ರೇಷ್ಮೆ? ನನ್ನ ಮತ ಮೈಸೂರು ಸಿಲ್ಕ್‌ಗೆ. ಕಂಚಿಯ ಮೇಲೆ ನನಗೆ ಅಪಾರ ಗೌರವವಿದೆ, ಆದರೆ ಅದು ಧಾರೆಯ ಸೀರೆ. ದಪ್ಪ ನೂಲು, ಅಗಲವಾದ ಜರಿ ಅಂಚು, ಕೆಲವು ಸೀರೆಗಳ ತೂಕ ಮುಕ್ಕಾಲು ಕೆಜಿಯನ್ನೂ ದಾಟುತ್ತದೆ. ಮಂಡಿ ನೋಯುವವಳು ಅದನ್ನುಟ್ಟು ಛತ್ರದ ಮೆಟ್ಟಿಲು ಹತ್ತುವುದು ಶಿಕ್ಷೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1912ರಲ್ಲಿ ಮೈಸೂರಿನಲ್ಲಿ ಶುರುವಾದ ಕಾರ್ಖಾನೆಯ ಕ್ರೇಪ್ ಸೀರೆಯ ಗುಣವೇ ಬೇರೆ. ರೇಷ್ಮೆ ಎಳೆಯ ಮೇಲೆ ಹುಟ್ಟಿನಿಂದಲೇ ಒಂದು ಅಂಟಿರುತ್ತದೆ, ತೂಕದಲ್ಲಿ ಹೆಚ್ಚುಕಡಿಮೆ ಕಾಲುಭಾಗ. ಕ್ರೇಪ್‌ನಲ್ಲಿ ಹೊಕ್ಕಿನ ನೂಲಿಗೆ ಬಲವಾಗಿ ಹುರಿ ಕೊಟ್ಟು, ಅಂಟಿನ ಸಮೇತ ನೇಯ್ದು, ಆಮೇಲೆ ಸೋಪಿನ ನೀರಲ್ಲಿ ಕುದಿಸಿ ಅಂಟು ತೆಗೆಯುತ್ತಾರೆ. ಅಂಟು ಹೋದ ಕೂಡಲೇ ಹುರಿಗೊಂಡ ನೂಲು ತನ್ನಷ್ಟಕ್ಕೆ ಕುಗ್ಗಿ ಬಟ್ಟೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಸುಕ್ಕು ಏಳುತ್ತದೆ. ಸೀರೆ ಮೆತ್ತಗಿದ್ದೂ ಜಾರದೆ ಇರುವುದಕ್ಕೆ, ನೆರಿಗೆ ಉಬ್ಬದೆ ನೇರ ಇಳಿಯುವುದಕ್ಕೆ ಆ ಸುಕ್ಕೇ ಕಾರಣ. ಎರಡು ಬೆರಳಗಲದ ಜರಿ ಅಂಚು, ಒಡಲೆಲ್ಲ ಒಂದೇ ಬಣ್ಣ. ಅರವತ್ತರ ಮೈಕಟ್ಟಿಗೆ, ಎಂಬತ್ತರ ಮೈಕಟ್ಟಿಗೂ, ಇದಕ್ಕಿಂತ ಚೆಂದ ಕೂರುವ ರೇಷ್ಮೆ ನಾನು ಕಂಡಿಲ್ಲ.

ದೊಡ್ಡಬಳ್ಳಾಪುರದ ಮಗ್ಗಗಳ ಸೀರೆ ಇಲ್ಲಿಗೆ ಹತ್ತಿರ, ಬೆಲೆಯೂ ಎಟುಕುತ್ತದೆ. ಅಲ್ಲಿ ಅಪ್ಪಟ ರೇಷ್ಮೆಯೂ ಉಂಟು, ಕೃತಕ ರೇಷ್ಮೆಯೂ ಉಂಟು. ಸಿಲ್ಕ್ ಮಾರ್ಕ್ ಚೀಟಿ ಇದೆಯೇ ಎಂದು ಕೇಳಿ. ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ಅದನ್ನು ತಂದದ್ದೇ ಈ ಗೊಂದಲ ತಪ್ಪಿಸಲು. ಮನೆಯಲ್ಲಿರುವ ಸೀರೆಯ ಬಗ್ಗೆ ಅನುಮಾನವಿದ್ದರೆ ಸೆರಗಿನ ತುದಿಯಿಂದ ಒಂದೆರಡು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ರೇಷ್ಮೆ. ಕರಗಿ ಗಟ್ಟಿ ಗುಂಡಾದರೆ ಪಾಲಿಯೆಸ್ಟರ್. ಇದೇ ಕಾರಣಕ್ಕೆ ಒಲೆಯ ಮುಂದೆ ನಿಲ್ಲುವವರು ಪಾಲಿಯೆಸ್ಟರ್ ಉಡಲೇಬಾರದು: ಕಿಡಿ ಬಿದ್ದರೆ ಅದು ಕರಗಿ ಚರ್ಮಕ್ಕೆ ಹತ್ತಿಕೊಳ್ಳುತ್ತದೆ. ಮನೆಯೊಳಗೆ ನೈಟಿ ಹಾಕುವವರಿಗೂ ನನ್ನದು ಇದೊಂದೇ ಷರತ್ತು, ಹತ್ತಿಯದ್ದಾಗಿರಲಿ.

ದಿನದ ಉಡುಗೆಗೆ ಹತ್ತಿ ಸೀರೆ ಬಿಟ್ಟರೆ ಬೇರೆ ಮಾತಿಲ್ಲ. ವಾಯಿಲ್ ಸೀರೆ ಹಗುರ, ಬೇಗ ಒಣಗುತ್ತದೆ. ಸ್ವಲ್ಪ ಮೈ ಇರುವ ಬಟ್ಟೆ ಬೇಕೆಂದರೆ ಉಡುಪಿ ಸೀರೆ. ತೆಳು ಗಂಜಿ ಕೊಟ್ಟರೆ ದಿನವಿಡೀ ಮಡಿಕೆ ಬಿಡುವುದಿಲ್ಲ. ಇಳಕಲ್ ಸೀರೆಯನ್ನು ನಮ್ಮ ಕಡೆ ಕಡಿಮೆ ಉಡುತ್ತಾರೆ, ಉಡಬೇಕು. ಅಲ್ಲಿ ಒಡಲಿನ ಹಾಸು, ಸೆರಗಿನ ಹಾಸು ಬೇರೆ ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಹತ್ತಿಯ ಒಡಲಿಗೆ ರೇಷ್ಮೆಯ ಕೆಂಪು ಸೆರಗು ಕೂಡುವುದು ಹೀಗೆ. ಬ್ಯಾಂಕಿಗೂ ಆಗುತ್ತದೆ, ಆರತಕ್ಷತೆಗೂ ಆಗುತ್ತದೆ.

ಬಣ್ಣದ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. "ವಯಸ್ಸಾಯ್ತಲ್ಲ, ತಿಳಿ ಬಣ್ಣ ತಗೊಳ್ಳಿ" ಎನ್ನುವ ಸಲಹೆಯನ್ನು ಯಾರು ಕೊಟ್ಟರೂ ಕೇಳಬೇಡಿ. ಗಂಡ ತೀರಿಕೊಂಡವಳಿಗೆ ನಶ್ಯದ ಬಣ್ಣ, ಬಿಸ್ಕೆಟ್ ಬಣ್ಣ ಎಂದು ಬದಿಗೆ ತಳ್ಳುವುದಂತೂ ಕ್ರೌರ್ಯ. ನರೆತ ಕೂದಲಿನ ಪಕ್ಕದಲ್ಲಿ ಬಿಸ್ಕೆಟ್ ಬಣ್ಣ ಮುಖವನ್ನೇ ಕಳೆಗುಂದಿಸುತ್ತದೆ. ಗಾಢ ಬಣ್ಣ ಆ ನರೆಯನ್ನೇ ಆಭರಣ ಮಾಡುತ್ತದೆ. ಈ ತಾಲ್ಲೂಕಿನ ತೋಟಗಳಲ್ಲೇ ಎರಡು ಬಣ್ಣ ಇವೆ. ಒಂದು ಬೆಂಗಳೂರು ನೀಲಿ ದ್ರಾಕ್ಷಿಯ ಕಡುನೇರಳೆ. ಇನ್ನೊಂದು ದೇವನಹಳ್ಳಿ ಚಕ್ಕೋತದ ತೊಳೆಯ ಗುಲಾಬಿಗೆಂಪು. ಜೊತೆಗೆ ಒಂದು ಬಾಟಲ್ ಗ್ರೀನ್, ಒಂದು ಅರಿಶಿನ. ಕಮಲಾದೇವಿ ಚಟ್ಟೋಪಾಧ್ಯಾಯರ ಇಳಿವಯಸ್ಸಿನ ಫೋಟೊಗಳನ್ನು ನೋಡಿ. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿ ದೇಶದ ಕೈಮಗ್ಗಕ್ಕೂ ಕರಕುಶಲಕ್ಕೂ ಬದುಕು ಕೊಟ್ಟ ಆಕೆ ಕೈಮಗ್ಗದ ಸೀರೆಯಲ್ಲಿ ಎಷ್ಟು ಘನವಾಗಿ ಕಾಣುತ್ತಾರೆ!

ಸೀರೆಗಿಂತ ಹೆಚ್ಚು ಕೆಡುವುದು ರವಿಕೆಯಲ್ಲಿ. ಮೂವತ್ತರ ಅಳತೆಯ ರವಿಕೆಯನ್ನೇ ಟೈಲರ್‌ಗೆ ಕೊಟ್ಟು "ಇದರ ಹಾಗೇ" ಎಂದರೆ ಆತ ಹಾಗೇ ಹೊಲಿದು ಕೊಡುತ್ತಾನೆ. ಹೊಸದಾಗಿ ಅಳತೆ ಕೊಡಿ. ತೋಳು ಮೊಣಕೈವರೆಗೆ ಇರಲಿ, ಕಂಕುಳಲ್ಲಿ ಒಂದು ಬೆರಳು ಸಡಿಲ, ಬೆನ್ನು ಕತ್ತಿನ ಹತ್ತಿರ ಮುಚ್ಚಿರಲಿ, ಹುಕ್ಕು ಮುಂದೆಯೇ ಇರಲಿ. ಭುಜ ಹಿಡಿದುಕೊಂಡವರಿಗೆ ಬೆನ್ನ ಹಿಂದೆ ಕೈ ಹೋಗುವುದಿಲ್ಲ. ಕಪ್ಪು, ಮರೂನ್, ಗಂಧದ ಬಣ್ಣ, ಬಾಟಲ್ ಗ್ರೀನ್, ಈ ನಾಲ್ಕು ಹತ್ತಿ ರವಿಕೆ ಇದ್ದರೆ ಬೀರುವಿನ ಯಾವ ಸೀರೆಗೂ ಒಂದು ಹೊಂದುತ್ತದೆ.

ಒಳಲಂಗದ ಲಾಡಿಯ ವಿಷಯ ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. 2024ರಲ್ಲಿ ಬಿಎಂಜೆ ಕೇಸ್ ರಿಪೋರ್ಟ್ಸ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ನಮ್ಮ ದೇಶದ ವೈದ್ಯರು ಇಬ್ಬರು ವೃದ್ಧೆಯರ ಪ್ರಕರಣ ದಾಖಲಿಸಿದರು. ದಶಕಗಳ ಕಾಲ ಸೊಂಟಕ್ಕೆ ಬಿಗಿಯಾಗಿ ಕಟ್ಟಿದ ಜಾಗದಲ್ಲಿ ಹುಣ್ಣಾಗಿ, ಅದು ಮಾಯದೆ ಚರ್ಮದ ಕ್ಯಾನ್ಸರ್‌ಗೆ ತಿರುಗಿತ್ತು. ಅಪರೂಪದ ಕಾಯಿಲೆ, ಹೆದರಬೇಕಿಲ್ಲ. ಆದರೆ ಸೊಂಟದ ಸುತ್ತ ಕಪ್ಪು ಗೆರೆ, ಕಡಿತ ನಮ್ಮಲ್ಲಿ ಎಷ್ಟೋ ಜನಕ್ಕಿದೆ. ಹುರಿಯಂಥ ಲಾಡಿ ತೆಗೆದು ಎರಡು ಬೆರಳಗಲದ ಪಟ್ಟಿ ಹಾಕಿಸಿ. ಮನೆಯಲ್ಲಿರುವಾಗ ಸಡಿಲ ಕಟ್ಟಿ, ಕಟ್ಟುವ ಜಾಗ ಬದಲಿಸುತ್ತಿರಿ, ಮಾಯದ ಗಾಯವಿದ್ದರೆ ವೈದ್ಯರಿಗೆ ತೋರಿಸಿ. ಸೀರೆಯನ್ನು ನೆಲದಿಂದ ಎರಡು ಬೆರಳು ಮೇಲಕ್ಕೆ ಉಡಿ. ಮೆಟ್ಟಿಲಲ್ಲಿ ಕಾಲಿಗೆ ತೊಡರುವುದು ತಪ್ಪುತ್ತದೆ.

ಜರಿ ಸೀರೆಯನ್ನು ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಕವರ್ ಬೇಡ. ನುಸಿಗುಳಿಗೆ ಜರಿಗೆ ತಾಗದಿರಲಿ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸದಿದ್ದರೆ ಮಡಿಕೆಯ ಗೆರೆಯಲ್ಲೇ ರೇಷ್ಮೆ ಸೀಳುತ್ತದೆ.

ಒಟ್ಟು ಎಷ್ಟು ಬೇಕು ಎಂದು ಕೇಳುವವರಿಗೆ: ಮನೆಗೆ ಆರು ಹತ್ತಿ ಸೀರೆ, ಹೊರಗೆ ಹೋಗಲು ಮೂರು, ನಂದಿ ಬೆಟ್ಟದ ಕಡೆಯಿಂದ ಚಳಿ ಬೀಸುವ ಡಿಸೆಂಬರ್‌ಗೆ ಒಂದು ಉಣ್ಣೆಯ ಶಾಲು, ರೇಷ್ಮೆ ಎರಡು. ಮೂರನೆಯ ರೇಷ್ಮೆಗೆಂದು ಎತ್ತಿಟ್ಟ ದುಡ್ಡಿದ್ದರೆ ಒಳ್ಳೆಯ ಟೈಲರ್ ಹತ್ತಿರ ಹೋಗಿ ಆ ನಾಲ್ಕು ರವಿಕೆ ಹೊಲಿಸಿಕೊಳ್ಳಿ.