ಎರಡು ಮೌನಗಳು

ಮಾತು ಬೆಳ್ಳಿ, ಮೌನ ಬಂಗಾರವೆಂಬುದು ಲೋಕೋಕ್ತಿ. ಆದರೆ ಆ ಮೌನವು ಯಾರನ್ನು ಕಾಪಾಡುತ್ತಿದೆಯೆಂಬುದನ್ನು ಒರೆಗೆ ಹಚ್ಚದೆ ಅದನ್ನು ಬಂಗಾರವೆನ್ನಲಾಗದು. ಒಂದು ಕುಟುಂಬದ ಕಥೆಯನ್ನೂ ಒಬ್ಬ ಗೂಢಚಾರಿಣಿಯ ಚರಿತ್ರೆಯನ್ನೂ ಜೊತೆಯಾಗಿಟ್ಟು ಓದುವ ವಾಚಕರಿಗೆ ಈ ವಿವೇಕವು ತಾನಾಗಿ ಒದಗುವುದು.

ಶ್ರೀ ವಿವೇಕ ಶಾನಭಾಗರ ‘ಘಾಚರ್ ಘೋಚರ್’ 2013ರಲ್ಲಿ ಪ್ರಕಟವಾಯಿತು. ಬೆಂಗಳೂರಿನ ಅಲ್ಪಾದಾಯದ ಕುಟುಂಬವೊಂದು ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಸಿರಿವಂತವಾಗುತ್ತದೆ. ಒಂದು ದಿನ ಅವನನ್ನರಸಿ ಬಾಗಿಲಿಗೆ ಬಂದ ಹೆಂಗಸನ್ನು ಮನೆಯವರು ಬೈದು ಅಟ್ಟುವರು. ಕಥೆ ಹೇಳುವವನು ಸುಮ್ಮನೆ ನಿಲ್ಲುವನು. ಅದನ್ನು ಸಹಿಸದವಳು ಅವನ ಪತ್ನಿ ಅನಿತಾ ಒಬ್ಬಳೇ. ಅನ್ನವಿಕ್ಕುವ ಕೈಯನ್ನು ಪ್ರಶ್ನಿಸಬಾರದೆಂಬ ಅಂಜಿಕೆಯೇ ಆ ಮನೆಯ ಧರ್ಮಶಾಸ್ತ್ರ. ಗ್ರಂಥಕರ್ತರು ಎಲ್ಲಿಯೂ ಉಪದೇಶಕ್ಕಿಳಿಯದೆ, ಅನಿತಾಳ ಗತಿಯನ್ನು ಬಿಡಿಸಿ ಹೇಳದೆ, ಅವನು ಮುಚ್ಚಿಟ್ಟುದು ಅವನ ಮಾತಿನಿಂದಲೇ ಹೊರಬೀಳುವಂತೆ ಮಾಡಿರುವುದು ಸ್ತುತ್ಯರ್ಹವು.

ಶ್ರಾಬಣಿ ಬಸು ಅವರ ಇಂಗ್ಲಿಷ್ ಗ್ರಂಥ ‘ಸ್ಪೈ ಪ್ರಿನ್ಸೆಸ್’ (2006) ನೂರ್ ಇನಾಯತ್ ಖಾನಳ ಜೀವನಚರಿತ್ರೆ. 1914ರಲ್ಲಿ ಮಾಸ್ಕೋದಲ್ಲಿ ಜನಿಸಿದ ಈಕೆ ಸೂಫಿ ಗುರು ಇನಾಯತ್ ಖಾನರ ಮಗಳು. ಮಕ್ಕಳಿಗಾಗಿ ಜಾತಕ ಕಥೆಗಳನ್ನು ಬರೆದವಳು. 1943ರ ಜೂನ್ ತಿಂಗಳಲ್ಲಿ ಬ್ರಿಟಿಷರ ಗುಪ್ತ ನಿಸ್ತಂತು ಕಾರ್ಯಕ್ಕಾಗಿ, ಜರ್ಮನರ ವಶದಲ್ಲಿದ್ದ ಫ್ರಾನ್ಸಿಗೆ ಇಳಿದಳು. ಅಕ್ಟೋಬರಿನಲ್ಲಿ ಸೆರೆಸಿಕ್ಕಳು. ತಿಂಗಳುಗಟ್ಟಲೆ ಸಂಕೋಲೆಯಲ್ಲಿದ್ದರೂ ಸಂಗಡಿಗರ ಸುಳಿವು ಕೊಡಲಿಲ್ಲ. 1944ರ ಸೆಪ್ಟೆಂಬರ್ 13ರಂದು ಡಾಖಾವ್ ಬಂದಿಶಿಬಿರದಲ್ಲಿ ಅವಳನ್ನು ಕೊಂದರು. 1949ರಲ್ಲಿ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಪದಕ ಸಂದಿತು.

ಆದರೆ ಅವಳ ಬಾಯಿ ಆಡದುದನ್ನು ಅವಳ ಪುಸ್ತಕ ಆಡಿತು. ಅವಳು ಇಟ್ಟುಕೊಂಡಿದ್ದ ಸಂದೇಶಗಳ ಪ್ರತಿಗಳು ಶತ್ರುಗಳ ಕೈಸೇರಿ, ಅವಳದೆಂಬಂತೆ ಲಂಡನ್ನಿಗೆ ಕಪಟಸಂದೇಶಗಳು ಹೋದವು. ಅವನ್ನು ನಂಬಿ ಲಂಡನ್ನಿನವರು ಕಳುಹಿಸಿದ ಮದಲೇನ್ ದಾಮೆರ್ಮಾ ಎಂಬಾಕೆ 1944ರ ಫೆಬ್ರವರಿಯಲ್ಲಿ ನೆಲಮುಟ್ಟಿದೊಡನೆ ಸೆರೆಯಾದಳು. ನೂರಳೊಡನೆ ಡಾಖಾವಿನಲ್ಲಿ ಹತಳಾದ ಮೂವರು ಸ್ತ್ರೀಯರಲ್ಲಿ ಅವಳೂ ಒಬ್ಬಳು. ಚರಿತ್ರೆಯು ಸ್ತೋತ್ರವಾಗದಿರಬೇಕಾದರೆ ಇಂತಹ ಸಂಗತಿಯನ್ನೂ ನಿರ್ದಾಕ್ಷಿಣ್ಯವಾಗಿ ತೂಗಿ ನೋಡಬೇಕು. ಹಾಗೆ ತೂಗಿದರೂ ನೂರಳ ಧೈರ್ಯ ಕುಗ್ಗುವುದಿಲ್ಲ. ಎಚ್ಚರಿಕೆಯ ಕುರುಹುಗಳನ್ನು ಕಡೆಗಣಿಸಿದ ಲಂಡನ್ನಿನ ಅಧಿಕಾರಿಗಳ ಹೊಣೆ ಮಾತ್ರ ಹೆಚ್ಚುತ್ತದೆ.

ಗ್ರಂಥದ ಹೆಸರಿನಲ್ಲಿರುವ ‘ರಾಜಕುಮಾರಿ’ ಎಂಬ ವಿಶೇಷಣ ಅನಾವಶ್ಯಕವು. ಅವಳು ಟಿಪ್ಪು ಸುಲ್ತಾನನ ವಂಶಜೆಯೆಂಬುದು ಕನ್ನಡಿಗರಿಗೆ ಕುತೂಹಲಕರವೇ ಸರಿ. ಆದರೆ ಸಂಕೋಲೆಯಲ್ಲಿ ಅವಳಿಗೆ ಒದಗಿದುದು ವಂಶವಲ್ಲ, ಸ್ವಂತ ಸತ್ತ್ವ.

ಒಂದು ಮೌನವು ಸ್ವಂತ ಸುಖವನ್ನು ಕಾಯಿತು. ಇನ್ನೊಂದು ಪರರ ಪ್ರಾಣವನ್ನು. ಗೃಹಸ್ಥರಾದ ವಾಚಕರಲ್ಲಿ ಹೆಚ್ಚಿನವರಿಗೆ ಸೆರೆಮನೆಯ ಪರೀಕ್ಷೆ ಬರಲಾರದು. ಬಾಗಿಲಿಗೆ ಬಂದವಳ ಪರೀಕ್ಷೆಯಾದರೋ ಯಾವ ದಿನವಾದರೂ ಬರಬಹುದು.