ಅಂಗೈ ತಿರುಗಿಸಿದ ಮುದುಕ

ಮುಪ್ಪಿನ ಕುರಿತ ಕತೆ, ಸಿನಿಮಾಗಳ ಬಗ್ಗೆ ಬರೆಯುವಾಗ ನಮ್ಮ ಮಾತು ಬಹುಬೇಗ ಮಕ್ಕಳ ಕಡೆಗೆ ಹೊರಳುತ್ತದೆ. ಹೆತ್ತವರನ್ನು ನೋಡಿಕೊಳ್ಳದ ಮಗ, ಮೂಗು ಮುರಿಯುವ ಸೊಸೆ, ವೃದ್ಧಾಶ್ರಮದ ಕಿಟಕಿ. ಇದು ಸುಳ್ಳೇನಲ್ಲ. ಆದರೆ ವಯಸ್ಸಾದವರ ಕಷ್ಟವನ್ನೆಲ್ಲ ಮಕ್ಕಳ ಕೃತಘ್ನತೆಯ ಖಾತೆಗೆ ಬರೆದುಬಿಟ್ಟರೆ ದುಡ್ಡಿನ ಲೆಕ್ಕ ಮರೆಯಾಗುತ್ತದೆ. ವಿಟ್ಟೋರಿಯೊ ಡಿ ಸಿಕಾ ನಿರ್ದೇಶನದ ಇಟಲಿಯ ಚಿತ್ರ ‘ಉಂಬೆರ್ತೊ ಡಿ.’ (1952) ನನಗೆ ಮುಖ್ಯವೆನಿಸುವುದು ಈ ಕಾರಣಕ್ಕೆ. ಇದರ ಮುದುಕನಿಗೆ ಮಕ್ಕಳೇ ಇಲ್ಲ. ಬೈದು ಹಗುರಾಗೋಣವೆಂದರೆ ನಮಗೆ ಮಗನೊಬ್ಬ ಸಿಗುವುದಿಲ್ಲ.

ಚಿತ್ರ ಶುರುವಾಗುವುದೇ ರೋಮ್ ನಗರದ ಬೀದಿಯಲ್ಲಿ, ಪಿಂಚಣಿ ಹೆಚ್ಚಿಸಿ ಎಂದು ಮುದುಕರು ನಡೆಸುವ ಮೆರವಣಿಗೆಯಿಂದ. ಪೊಲೀಸರು ಅವರನ್ನು ಚದುರಿಸುತ್ತಾರೆ. ಸರ್ಕಾರಿ ನೌಕರಿಯಿಂದ ನಿವೃತ್ತನಾದ ಉಂಬೆರ್ತೊನಿಗೆ ಬರುವ ಪಿಂಚಣಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಾಡಿಗೆಗೇ ಹೋಗುತ್ತದೆ. ಗಡಿಯಾರ ಮಾರುತ್ತಾನೆ, ಪುಸ್ತಕ ಮಾರುತ್ತಾನೆ, ಆದರೂ ಬಾಕಿ ತೀರುವುದಿಲ್ಲ. ಕೊನೆಗೆ ಬೀದಿಯಲ್ಲಿ ನಿಂತು ಹಿಂಜರಿಯುತ್ತ ಕೈ ಚಾಚುತ್ತಾನೆ. ದಾರಿಹೋಕನೊಬ್ಬ ಕಾಸು ಕೊಡಲು ಬಂದಾಗ ಥಟ್ಟನೆ ಅಂಗೈ ಮಗುಚಿ, ಮಳೆ ಬರುತ್ತಿದೆಯೇ ಎಂದು ನೋಡುವವನಂತೆ ನಟಿಸುತ್ತಾನೆ. ಇಲ್ಲಿ ಅಳುವ ಮಾತಿಲ್ಲ, ಭಾಷಣವಿಲ್ಲ. ಆ ಪಾತ್ರ ಮಾಡಿದ ಕಾರ್ಲೊ ಬತ್ತಿಸ್ತಿ ನಟರೂ ಅಲ್ಲ, ಭಾಷಾಶಾಸ್ತ್ರದ ಪ್ರಾಧ್ಯಾಪಕರು. ಇಂಥ ಚಿತ್ರ ದೇಶದ ಮಾನ ಕಳೆಯುತ್ತದೆ ಎಂದು ಆಗಿನ ಸರ್ಕಾರದಲ್ಲಿದ್ದ ಜೂಲಿಯೊ ಆಂದ್ರೆಯೊತ್ತಿ ಬಹಿರಂಗವಾಗಿಯೇ ಆಕ್ಷೇಪಿಸಿದ್ದರು.

ಆದರೂ ನನ್ನ ತಕರಾರೊಂದಿದೆ. ಆ ಅಂಗೈ ನಮ್ಮನ್ನು ಅಷ್ಟು ಕಲಕುವುದು ಅದು ಗುಮಾಸ್ತನ ಅಂಗೈ ಎಂಬುದಕ್ಕೂ ಅಲ್ಲವೇ? ಕೋಟು, ಟೋಪಿ ಹಾಕಿದವನು ಬೇಡಬೇಕಾಯಿತಲ್ಲ ಎಂಬ ಸಂಕಟ ಅದು. ಗಾರೆ ಕೆಲಸದ ಮುದುಕ ಅದೇ ಜಾಗದಲ್ಲಿ ನಿಂತಿದ್ದರೆ ನಾವು ಅಷ್ಟು ಹೊತ್ತು ನಿಂತು ನೋಡುತ್ತಿದ್ದೆವೇ?

ಇದಕ್ಕೆ ಉತ್ತರ ಚಿತ್ರದೊಳಗೇ ಇದೆ, ಅಡುಗೆಮನೆಯಲ್ಲಿ. ಮನೆಗೆಲಸದ ಹುಡುಗಿ ಮರಿಯಾ ಬಸುರಿ. ವಿಷಯ ಗೊತ್ತಾದರೆ ಕೆಲಸ ಹೋಗುತ್ತದೆ, ಊರಿಗೆ ಹೋದರೆ ಹೊಡೆತ. ಒಂದು ಬೆಳಗ್ಗೆ ಅವಳು ಎದ್ದು, ಗೋಡೆಯ ಇರುವೆಗಳಿಗೆ ನೀರು ಚಿಮುಕಿಸಿ, ಹೊಟ್ಟೆ ನೋಡಿಕೊಂಡು, ಕಾಫಿ ಬೀಜ ಪುಡಿ ಮಾಡುತ್ತ ಕೂತಲ್ಲಿಂದಲೇ ಕಾಲು ಚಾಚಿ ಬಾಗಿಲು ಮುಚ್ಚುತ್ತಾಳೆ. ಕಣ್ಣಲ್ಲಿ ನೀರು. ಮುದುಕನ ಜ್ವರ ವಿಚಾರಿಸುವವಳೂ ಅವಳೇ. ಅವನಿಗೆ ಸಾಲದ ಪಿಂಚಣಿಯಾದರೂ ಇದೆ. ಅವಳಿಗೆ ವಯಸ್ಸಾದಾಗ?

ಮರುವರ್ಷ ಜಪಾನಿನಲ್ಲಿ ಬಂದ ಯಾಸುಜಿರೊ ಓಝು ಅವರ ‘ಟೋಕಿಯೊ ಸ್ಟೋರಿ’ಯಲ್ಲೂ ಹೀಗೆಯೇ. ಊರಿಂದ ಬಂದ ಅತ್ತೆ ಮಾವನಿಗಾಗಿ ರಜೆ ಹಾಕಿ, ಒಂದೇ ಕೋಣೆಯ ಮನೆಯಲ್ಲಿ, ಪಕ್ಕದವರಿಂದ ಸಾಕೆ ಕೇಳಿ ತಂದು ಉಪಚರಿಸುವವಳು ವಿಧವೆ ಸೊಸೆ ನೊರಿಕೊ. ವೈದ್ಯನಾದ ಮಗನಿಗೆ, ಸಲೂನು ನಡೆಸುವ ಮಗಳಿಗೆ ಪುರಸೊತ್ತಿಲ್ಲ. ವಿಮರ್ಶೆ ನೊರಿಕೊಳ ಒಳ್ಳೆಯತನವನ್ನು ಕೊಂಡಾಡುತ್ತ ಬಂದಿದೆ. ಒಳ್ಳೆಯತನದ ಹೊರೆ ಯಾವಾಗಲೂ ಕೈಯಲ್ಲಿ ಏನೂ ಇಲ್ಲದವಳ ಮೇಲೇಕೆ ಬೀಳುತ್ತದೆ ಎಂಬ ಪ್ರಶ್ನೆಯೂ ಅದರೊಂದಿಗೆ ಬರಬೇಕಿತ್ತು.

ನಮ್ಮಲ್ಲಿ ರಾಷ್ಟ್ರೀಯ ವೃದ್ಧಾಪ್ಯ ವೇತನ ಯೋಜನೆಯಡಿ ಬಡ ವೃದ್ಧರಿಗೆ ಕೇಂದ್ರ ಕೊಡುವ ಪಾಲು ತಿಂಗಳಿಗೆ 200 ರೂಪಾಯಿ, 80 ದಾಟಿದರೆ 500. ಅದರ ಮೇಲೆ ರಾಜ್ಯಗಳು ತಮ್ಮ ಕೈಲಾದಷ್ಟು ಸೇರಿಸುತ್ತವೆ. ಜೀವನವಿಡೀ ಇನ್ನೊಬ್ಬರ ಮನೆಯ ಪಾತ್ರೆ ತೊಳೆದು, ಇನ್ನೊಬ್ಬರ ಅಪ್ಪ ಅಮ್ಮನನ್ನು ಮೀಯಿಸಿ ಮಲಗಿಸಿದವಳು ಕೊನೆಗೆ ನಿಲ್ಲುವುದು ಈ ಸಾಲಿನಲ್ಲಿ.

‘ಉಂಬೆರ್ತೊ ಡಿ.’ ಮುಗಿಯುವಾಗ ಮುದುಕ ತನ್ನ ನಾಯಿಯೊಂದಿಗೆ ಉದ್ಯಾನದಲ್ಲಿ ಆಡುತ್ತ ದೂರ ಹೋಗುತ್ತಾನೆ. ಮರಿಯಾ ಅಷ್ಟರೊಳಗೆ ಚಿತ್ರದಿಂದ ಮಾಯವಾಗಿರುತ್ತಾಳೆ. ನೀವು ಈ ಚಿತ್ರ ನೋಡುವಾಗ ಮುದುಕನಿಗಾಗಿ ಮರುಗಿ, ಬೇಡವೆನ್ನಲಾರೆ. ಜೊತೆಗೆ ಆ ಅಡುಗೆಮನೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.